ಗಾಜಿನ ಜಾಡಿಯ ಅಜ್ಜಿ

1887ರ ಆಗಸ್ಟ್ 4ರಂದು ಎಡಿನ್‌ಬರೋ ನಗರದಲ್ಲಿ ಒಂದು ಅಜ್ಜಿ ತೀರಿಕೊಂಡಿತು. ‘ತೀರಿಕೊಂಡರು’ ಎಂದು ತಿದ್ದಬೇಡಿ, ‘ತೀರಿಕೊಂಡಿತು’ ಎಂಬುದೇ ಸರಿ. ಅಲ್ಲಿನ ‘ದ ಸ್ಕಾಟ್ಸ್‌ಮನ್’ ಪತ್ರಿಕೆ ಅದರ ಸಾವಿನ ಸುದ್ದಿಯನ್ನು ಊರಿನ ಗಣ್ಯರೊಬ್ಬರು ಹೋದರೆ ಬರೆಯುವ ಹಾಗೆ ಬರೆಯಿತು. ಆ ಅಜ್ಜಿಗೆ ಕೈಕಾಲು, ಕಣ್ಣು, ಮಿದುಳು ಯಾವುದೂ ಇರಲಿಲ್ಲ. ಮುಷ್ಟಿಯೊಳಗೆ ಹಿಡಿಸುವಷ್ಟು ಮೆತ್ತನೆಯ ಮೈ, ಮೇಲೊಂದು ಬಾಯಿ, ಬಾಯಿಯ ಸುತ್ತ ದಳಗಳಂತಹ ಗ್ರಹಣಾಂಗಗಳು, ಕೆಳಗೆ ಕಲ್ಲಿಗೆ ಅಂಟಿಕೊಳ್ಳುವ ಒಂದು ಪಾದ, ಇಷ್ಟೇ. ಅದೊಂದು ಸೀ ಅನಿಮೋನ್. ತೋಟದ ಹೂವಿನ ಹೆಸರು ಹೊತ್ತಿರುವ, ಹೂವಿನಂತೆಯೇ ಕಾಣುವ, ಕುಟುಕು ಕಣಗಳಿಂದ ಬೇಟೆ ಹಿಡಿದು ತಿನ್ನುವ ಕಡಲ ಪ್ರಾಣಿ. 1828ರಲ್ಲಿ ಬಂಡೆಯಿಂದ ಬಿಡಿಸಿ ತಂದದ್ದು 59 ವರ್ಷ ಗಾಜಿನ ಜಾಡಿಯಲ್ಲಿ ಬದುಕಿತ್ತು. ಜನ ಅದನ್ನು ‘ಗ್ರ್ಯಾನಿ’ ಎನ್ನುತ್ತಿದ್ದರು.

ನನ್ನ ಸಂಶೋಧನೆಯ ವಿಷಯ ಇದಲ್ಲ. ನಾನು ಓದುತ್ತಿರುವುದು ಕಲ್ಕತ್ತೆಯಲ್ಲಿ 1916ರಲ್ಲಿ ಶುರುವಾದ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಆರಂಭದ ವರ್ಷಗಳನ್ನು. ಅದರ ಮೊದಲ ನಿರ್ದೇಶಕ ನೆಲ್ಸನ್ ಆನಂಡೇಲ್ ಎಡಿನ್‌ಬರೋದವರು. ಅವರು ಭಾರತಕ್ಕೆ ಬಂದ 1904ರಲ್ಲೇ, ಆ್ಯಶ್‌ವರ್ತ್ ಎಂಬ ಪ್ರಾಣಿಶಾಸ್ತ್ರಜ್ಞರ ಜೊತೆ ಸೇರಿ ಬರೆದ ಒಂದು ಪ್ರಬಂಧ ಪ್ರಕಟವಾಗಿದೆ: ವಯಸ್ಸಾದ ಕೆಲವು ಅನಿಮೋನ್‌ಗಳ ಬಗ್ಗೆ. ಅಧ್ಯಾಯದ ಅಡಿಟಿಪ್ಪಣಿಯೊಂದಕ್ಕೆಂದು ಅದನ್ನು ತೆರೆದವಳು ಒಂದು ವಾರ ಅದರಲ್ಲೇ ಉಳಿದುಬಿಟ್ಟೆ. ನನ್ನ ಗೈಡ್ ಒಮ್ಮೆ ಮೆಲ್ಲಗೆ, “ಇದು ನಿಮ್ಮ ಥೀಸಿಸ್‌ಗೆ ಬೇಕಾ?” ಎಂದು ಕೇಳಿದರು. ಬೇಡವಾಗಿತ್ತು. ಆದರೆ ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಬೆಂಗಳೂರಿನ ಅಣ್ಣನ ಮನೆಯಲ್ಲಿ, ನನ್ನ ಸುಪರ್ದಿನಲ್ಲಿದ್ದ ಒಂದು ಅನಿಮೋನ್ ಸತ್ತಿತ್ತು. ಐವತ್ತು ವರ್ಷ ಸಾಕಿದವರು ಏನು ಮಾಡಿದ್ದರು ಎಂಬುದು ನನಗೆ ಗೊತ್ತಾಗಬೇಕಿತ್ತು.

ಗ್ರ್ಯಾನಿಯನ್ನು ತಂದವರು ಸರ್ ಜಾನ್ ಗ್ರಹಾಂ ಡೇಲ್. 1775ರಲ್ಲಿ ಹುಟ್ಟಿದವರು, ವಕೀಲಿ ಓದಿದವರು, ಸ್ಕಾಟ್ಲೆಂಡಿನ ಮೂಢನಂಬಿಕೆಗಳ ಬಗ್ಗೆ ದೊಡ್ಡ ಗ್ರಂಥ ಬರೆದವರು. ಮಗುವಾಗಿದ್ದಾಗ ಮೇಜಿನಿಂದ ಕಲ್ಲಿನ ನೆಲಕ್ಕೆ ಬಿದ್ದು ಜೀವನವಿಡೀ ಕುಂಟುವಂತಾಗಿತ್ತು. ಸಮುದ್ರಕ್ಕೆ ಸುಲಭವಾಗಿ ಹೋಗಲಾಗದ ಈ ಮನುಷ್ಯ ಸಮುದ್ರವನ್ನೇ ಮನೆಗೆ ತರಿಸಿಕೊಳ್ಳತೊಡಗಿದರು. ಫೋರ್ತ್ ಕೊಲ್ಲಿಯ ದಡದ ನಾರ್ತ್ ಬರ್ವಿಕ್‌ನಲ್ಲಿ ಸಿಕ್ಕಿದ ಈ ಅನಿಮೋನ್‌ಗೆ ಆಗಲೇ ಕನಿಷ್ಠ ಏಳು ವರ್ಷ ಆಗಿರಬೇಕೆಂದು ಅವರ ಅಂದಾಜು. ಸಾಕುವ ವಿಧಾನ ಬಲು ಸರಳ: ಒಂದು ಗಾಜಿನ ಜಾಡಿ, ಆಗಾಗ ಬದಲಾಯಿಸುವ ಸಮುದ್ರದ ನೀರು, ತಿನ್ನಲು ಒಂದಿಷ್ಟು ನೀಲಿಕಲ್ಲಿನ ಮಾಂಸ. ಪಂಪಿಲ್ಲ, ಫಿಲ್ಟರಿಲ್ಲ, ದೀಪವಿಲ್ಲ. ಮೊದಲ ಇಪ್ಪತ್ತು ವರ್ಷಗಳಲ್ಲಿ ಅದು ಬಾಯಿಯಿಂದ ಹೊರಬಿಟ್ಟ ಮರಿಗಳ ಲೆಕ್ಕವನ್ನೂ ಇಟ್ಟಿದ್ದಾರೆ, 334.

ಇಷ್ಟು ಸರಳ ಏರ್ಪಾಡಿನಲ್ಲಿ ಅದು ಬದುಕಿದ್ದಕ್ಕೆ ಒಂದು ಕಾರಣ ಆ ಜಾತಿಯ ಗಟ್ಟಿತನ. ಗ್ರ್ಯಾನಿ ಉಬ್ಬರವಿಳಿತದ ನಡುವಿನ ಬಂಡೆಗಳಲ್ಲಿ ಬದುಕುವ ಕೆಂಪು ‘ಬೀಡ್ಲೆಟ್’ ಅನಿಮೋನ್. ದಿನಕ್ಕೆರಡು ಸಲ ನೀರು ಇಳಿದಾಗ ದಳಗಳನ್ನು ಒಳಗೆಳೆದುಕೊಂಡು, ಜೆಲ್ಲಿಯ ಉಂಡೆಯಾಗಿ ಬಿಸಿಲು ಗಾಳಿ ಸಹಿಸಿ, ನೀರು ಬಂದಾಗ ಮತ್ತೆ ಅರಳುವುದು ಅದಕ್ಕೆ ರೂಢಿ. ಅಣ್ಣ ಸಾಕಿದ್ದು ಬೇರೆ ಜಾತಿ, ದಳಗಳ ತುದಿ ಗುಳ್ಳೆಯಂತೆ ಉಬ್ಬುವ ‘ಬಬಲ್ ಟಿಪ್’. ಹವಳದ ದಿಬ್ಬಗಳ ಬೆಚ್ಚನೆಯ ನೀರಿನ ಜೀವಿ. ಕಿತ್ತಳೆ ಬಣ್ಣದ ಮೇಲೆ ಬಿಳಿ ಪಟ್ಟೆಯ ಕ್ಲೌನ್ ಮೀನು ಮೈ ಹೊರಳಿಸುವುದು ಇಂಥವುಗಳ ದಳಗಳ ನಡುವೆಯೇ. ಅದರ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸ ಮಾಡುತ್ತವೆ, ಬೆಳಕಿನಲ್ಲಿ ಅವು ತಯಾರಿಸುವ ಆಹಾರದಲ್ಲಿ ದೊಡ್ಡ ಪಾಲು ಮನೆಮಾಲೀಕನಿಗೆ. ಹಾಗಾಗಿ ಬೆಳಕು ತಪ್ಪಿದರೆ ಅದು ಉಪವಾಸ ಬಿದ್ದ ಹಾಗೆ. ನೀರು 25-26 ಡಿಗ್ರಿಯ ಆಸುಪಾಸಿನಲ್ಲಿರಬೇಕು, ಉಪ್ಪು ಹೆಚ್ಚುಕಮ್ಮಿ ಆಗಬಾರದು, ಹೊಸ ತೊಟ್ಟಿಗೆ ಬಿಡಲೇಬಾರದು. ಅಣ್ಣ ತೊಟ್ಟಿ ಹೂಡಿ ಒಂದು ವರ್ಷ ಕಾದು ಆಮೇಲೆ ಅದನ್ನು ತಂದಿದ್ದ. ಅದಕ್ಕೂ ಮುಂಚೆ ಮನೆಗೆ ಬಂದವರೆಲ್ಲ, “ಏನಿದು, ಬರೀ ಕಲ್ಲು ಸಾಕಿದ್ದೀಯ?” ಎಂದು ನಗುತ್ತಿದ್ದರು.

ಸಮುದ್ರವನ್ನು ಮನೆಯೊಳಗೆ ಇಟ್ಟುಕೊಳ್ಳುವ ಚರಿತ್ರೆಯಲ್ಲಿ ಮುಂದಿನ ಹೆಸರು ಆ್ಯನಾ ಥಿನ್. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿದ್ದ ಪಾದ್ರಿಯೊಬ್ಬರ ಹೆಂಡತಿ. 1846ರಲ್ಲಿ ಅವರು ಟಾರ್ಕಿ ಕರಾವಳಿಯಿಂದ ಅನಿಮೋನ್‌ಗಳ ಹತ್ತಿರದ ಬಂಧುಗಳಾದ ಕಲ್ಲುಹವಳಗಳನ್ನು ಲಂಡನ್ನಿಗೆ ತಂದರು. ಸಮುದ್ರದ ನೀರು ಮುಗಿದುಹೋಗುತ್ತದೆ, ಇದ್ದ ನೀರಿನಲ್ಲಿ ಗಾಳಿ ಬೆರೆಯಬೇಕು. ಅದಕ್ಕೆ ಅವರು ಕಂಡುಕೊಂಡ ಉಪಾಯ, ತೆರೆದ ಕಿಟಕಿಯ ಮುಂದೆ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹುಯ್ಯುವುದು. ನಮ್ಮಲ್ಲಿ ಬಿಸಿ ಹಾಲು ಆರಿಸುವ ಹಾಗೆ. ದಿನಾ ಅರ್ಧ ಮುಕ್ಕಾಲು ಗಂಟೆ. ಇದು ದಣಿಸುವ ಕೆಲಸವೆಂದು ಅವರೇ ಬರೆಯುತ್ತಾರೆ, ಆದರೆ ಅದನ್ನು ಮಾಡಲು ಮನೆಯಲ್ಲೊಬ್ಬ ಪುಟ್ಟ ಕೆಲಸದ ಹುಡುಗಿ ಇದ್ದಳು, ಅವಳಿಗೆ ಅದು ಆಟದ ಹಾಗಿತ್ತು ಎನ್ನುತ್ತಾರೆ. ಆ ಹುಡುಗಿಯ ಕೈ ಹವಳಗಳನ್ನು ಉಳಿಸಿತು. ಹುಡುಗಿಗೆ ಅದು ಆಟವೇ ಆಗಿತ್ತೋ ಇಲ್ಲವೋ ಅವಳು ಬರೆದಿಡಲಿಲ್ಲ.

ಮರುವರ್ಷ ಥಿನ್ ಪಾತ್ರೆಗೆ ಕಡಲ ಪಾಚಿಯನ್ನೂ ಸೇರಿಸಿದರು. ಬೆಳಕಿನಲ್ಲಿ ಗಿಡ ಆಮ್ಲಜನಕ ಬಿಡುತ್ತದೆ, ಪ್ರಾಣಿ ಅದನ್ನು ಉಸಿರಾಡುತ್ತದೆ. ಇದೇ ತತ್ವವನ್ನು ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಸಿಹಿನೀರಿನ ತೊಟ್ಟಿಯಲ್ಲಿ ತೋರಿಸಿ, ಆಮೇಲೆ ಉಪ್ಪುನೀರಿಗೂ ಒಯ್ದರು. ಗಿಡಕ್ಕೂ ಪ್ರಾಣಿಗೂ ಲೆಕ್ಕ ಸರಿಹೊಂದಿದರೆ ತೊಟ್ಟಿ ತನ್ನಷ್ಟಕ್ಕೆ ತಾನೇ ನಡೆಯುತ್ತದೆ! ಈ ಮಾತು ವಿಕ್ಟೋರಿಯಾ ಕಾಲದ ಮಧ್ಯಮವರ್ಗವನ್ನು ಮರುಳು ಮಾಡಿತು. ಗಾಜಿನ ಮೇಲಿನ ತೆರಿಗೆ 1845ರಲ್ಲಿ ರದ್ದಾಗಿತ್ತು, ರೈಲು ಕಡಲತೀರವನ್ನು ಹತ್ತಿರ ತಂದಿತ್ತು. 1853ರಲ್ಲಿ ಲಂಡನ್ ಮೃಗಾಲಯ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ತಂದರು. ನಾವು ಇಂದು ಬಳಸುವ ಆ ಪದ ಮನೆಮಾತಾದದ್ದು ಅಲ್ಲಿಂದ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲೊಂದು ಪರಿಚಿತ ಮುಖ ಸಿಗುತ್ತದೆ. 1856ರ ಬೇಸಿಗೆಯಲ್ಲಿ ಇಲ್ಫ್ರಾಕೋಂಬ್‌ನ ಬಂಡೆಗಳ ನಡುವೆ ಅನಿಮೋನ್ ಹುಡುಕುತ್ತ ಓಡಾಡಿದವರಲ್ಲಿ ಜಾರ್ಜ್ ಹೆನ್ರಿ ಲೂಯಿಸ್ ಮತ್ತು ಮೇರಿ ಆ್ಯನ್ ಇವಾನ್ಸ್ ಇದ್ದರು. ಆ ಸೆಪ್ಟೆಂಬರಿನಲ್ಲಿ ಆಕೆ ತನ್ನ ಮೊದಲ ಕತೆ ಬರೆಯಲು ಕೂತರು. ನಮಗೆ ಅವರು ಜಾರ್ಜ್ ಎಲಿಯಟ್.

ಗಾಸ್ ಮಾಡಿದ ಇನ್ನೊಂದು ಕೆಲಸ ನಮ್ಮ ಅಣ್ಣನ ಅಡುಗೆಮನೆಯವರೆಗೆ ಬಂದಿದೆ. ಒಳನಾಡಿನವರಿಗೆ ಸಮುದ್ರದ ನೀರು ಎಲ್ಲಿಂದ ಬರಬೇಕು? ನೀರಿನ ರಾಸಾಯನಿಕ ವಿಶ್ಲೇಷಣೆ ನೋಡಿ ಅವರು 1854ರಲ್ಲಿ ನಾಲ್ಕು ಲವಣಗಳ ಒಂದು ಪಾಕ ಕೊಟ್ಟರು: ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಷಿಯಂ ಕ್ಲೋರೈಡ್, ಪೊಟ್ಯಾಷಿಯಂ ಕ್ಲೋರೈಡ್. ಅಣ್ಣ ತಿಂಗಳಿಗೊಮ್ಮೆ ಆರ್‌ಓ ನೀರಿನ ಬಕೆಟ್ಟಿಗೆ ಸುರಿದು ಕಲಕುತ್ತಿದ್ದ ಪ್ಯಾಕೆಟ್ಟಿನ ಉಪ್ಪು ಅದರದೇ ಮರಿಮೊಮ್ಮಗ. ಕಡಲತೀರದ ಊರಿನವರಾದ ನಾವು, ಸಮುದ್ರಮಟ್ಟದಿಂದ 900 ಮೀಟರ್ ಮೇಲೆ ಕೂತು ಸಮುದ್ರ ಬೆರೆಸುವುದು ನೋಡಿ ಅಮ್ಮ ಫೋನಿನಲ್ಲಿ, “ಇಲ್ಲಿ ಮನೆ ಎದುರಿಗೇ ಇತ್ತಲ್ಲೋ, ಆಗ ಒಂದು ದಿನ ತಿರುಗಿ ನೋಡಲಿಲ್ಲ” ಎಂದಿದ್ದರು.

ತನ್ನಷ್ಟಕ್ಕೆ ನಡೆಯುವ ತೊಟ್ಟಿ ಎಂಬ ಕನಸು ಹೆಚ್ಚು ದಿನ ಬಾಳಲಿಲ್ಲ. ಬೇಸಿಗೆಯಲ್ಲಿ ನೀರು ಬಿಸಿಯಾಗಿ, ಒಂದು ಪ್ರಾಣಿ ಸತ್ತು ಕೊಳೆತು, ಅದರ ವಿಷಕ್ಕೆ ಉಳಿದವೂ ಸತ್ತು, ಬೈಠಕ್‌ಖಾನೆಗಳು ನಾರತೊಡಗಿದವು. 1860ರ ದಶಕ ಮುಗಿಯುವ ಹೊತ್ತಿಗೆ ಹುಚ್ಚು ಇಳಿದಿತ್ತು. ಸತ್ತದ್ದರ ಜಾಗಕ್ಕೆ ಹೊಸದನ್ನು ತರಲು ಜನ ಬುಟ್ಟಿ, ಉಳಿ ಹಿಡಿದು ಬಂಡೆಗಳಿಗೆ ಮುತ್ತಿದ್ದರು. ಗಾಸ್ ಅವರ ಮಗ ಎಡ್ಮಂಡ್ ಗಾಸ್ 1907ರಲ್ಲಿ ಬರೆದ ‘ಫಾದರ್ ಆ್ಯಂಡ್ ಸನ್’ ಆತ್ಮಕಥನದಲ್ಲಿ, ತಾನು ಬಾಲಕನಾಗಿ ಅಪ್ಪನ ಜೊತೆ ಕಂಡ ಬಂಡೆಗೊಳಗಳು ಹೀಗೆ ಬರಿದಾದದ್ದನ್ನು ನೆನೆಯುತ್ತಾರೆ. ಕಡಲನ್ನು ಪ್ರೀತಿಸಿ ಬರೆದ ತಂದೆಯ ಪುಸ್ತಕಗಳೇ ಆ ಜನರನ್ನು ಅಲ್ಲಿಗೆ ಕರೆತಂದಿದ್ದವು ಎಂಬ ನೋವು ಆ ಪುಟಗಳಲ್ಲಿದೆ. ಅತ್ತ ಡ್ರೆಸ್ಡೆನ್‌ನಲ್ಲಿ ಲಿಯೋಪೋಲ್ಡ್ ಬ್ಲಾಷ್ಕಾ ಎಂಬ ಗಾಜಿನ ಕೆಲಸಗಾರ 1863ರಲ್ಲಿ ಗಾಸ್ ಪುಸ್ತಕದ ಚಿತ್ರಗಳನ್ನು ಮುಂದಿಟ್ಟುಕೊಂಡು ವಸ್ತುಸಂಗ್ರಹಾಲಯಕ್ಕೆ ಗಾಜಿನ ಅನಿಮೋನ್‌ಗಳನ್ನು ಮಾಡಿಕೊಟ್ಟ. ನೀರು ಬದಲಾಯಿಸಬೇಕಿಲ್ಲದ ಅನಿಮೋನ್!

ಈ ಏರಿಳಿತದ ಉದ್ದಕ್ಕೂ ಗ್ರ್ಯಾನಿ ಮಾತ್ರ ತನ್ನ ಜಾಡಿಯಲ್ಲಿ ಇತ್ತು. 1851ರಲ್ಲಿ ಡೇಲ್ ತೀರಿಕೊಂಡಾಗ ಅದು ಜಾನ್ ಫ್ಲೆಮಿಂಗ್ ಎಂಬ ಪ್ರಾಧ್ಯಾಪಕರ ಕೈಗೆ ಬಂತು. 1857ರಲ್ಲಿ, ಬಹಳ ವರ್ಷ ಮರಿ ಹಾಕದೆ ಇದ್ದ ಅಜ್ಜಿ ಒಂದೇ ರಾತ್ರಿಯಲ್ಲಿ ಇನ್ನೂರಕ್ಕೂ ಹೆಚ್ಚು ಮರಿ ಹಾಕಿತು. ಅದೇ ವರ್ಷ ಫ್ಲೆಮಿಂಗ್ ಹೋದರು. ಜಾಡಿ ನೌಕಾಪಡೆಯ ವೈದ್ಯರಾಗಿದ್ದ ಜೇಮ್ಸ್ ಮೆಕ್‌ಬೇನ್ ಅವರಿಗೆ, ಅವರಿಂದ ಎಡಿನ್‌ಬರೋ ಸಸ್ಯೋದ್ಯಾನದ ಜಾನ್ ಸ್ಯಾಡ್ಲರ್ ಅವರಿಗೆ, ಅವರ ನಂತರ ಅದೇ ಉದ್ಯಾನದ ರಾಬರ್ಟ್ ಲಿಂಡ್ಸೆ ಅವರಿಗೆ ಹೋಯಿತು. ಐದು ಜನ ಯಜಮಾನರು. ಅವರಲ್ಲಿ ಮುದುಕರಾಗಿ ತೀರಿಕೊಂಡವರಿದ್ದಾರೆ, ಅಜ್ಜಿ ಮಾತ್ರ ಮುದಿಯಾದಂತೆ ಕಾಣಲಿಲ್ಲ.

ಆನಂಡೇಲ್ ಮತ್ತು ಆ್ಯಶ್‌ವರ್ತ್ 1904ರಲ್ಲಿ ಬರೆದದ್ದು ಈ ಸೋಜಿಗವನ್ನು ಹಿಡಿದೇ. ಅವರು ನೋಡಿದ್ದು ಬೇರೆ ಕೆಲವು ಅನಿಮೋನ್‌ಗಳನ್ನು. 1862ಕ್ಕೂ ಕೆಲ ವರ್ಷ ಮೊದಲು ಆ್ಯರನ್ ದ್ವೀಪದಿಂದ ತಂದವು. ನೆಲ್ಸನ್ ಎಂಬ ಮನೆತನದ ಹೆಣ್ಣುಮಕ್ಕಳ ಮನೆಯಲ್ಲಿ ಗಾಜಿನ ಪಾತ್ರೆಗಳಲ್ಲಿ ನಲವತ್ತು ವರ್ಷ ದಾಟಿದ್ದವು. ಬೀಡ್ಲೆಟ್‌ನಷ್ಟು ಗಟ್ಟಿ ಹೆಸರಿನವಲ್ಲ. ಆಮೇಲೆ ಅವು ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗ ಸೇರಿ ಇನ್ನೂ ಸುಮಾರು ನಲವತ್ತು ವರ್ಷ ಬದುಕಿದವು. 1940ರ ದಶಕದ ಆರಂಭದಲ್ಲಿ ಎಲ್ಲವೂ ಒಟ್ಟಿಗೇ ಸತ್ತಿದ್ದು ಕಂಡುಬಂತು. ಈ ‘ಒಟ್ಟಿಗೇ’ ಎಂಬ ಮಾತು ಮುಖ್ಯ. ಮುಪ್ಪಿನಿಂದ ಸಾಯುವುದಾದರೆ ಒಂದು ಇಂದು, ಇನ್ನೊಂದು ಮೂರು ವರ್ಷದ ಮೇಲೆ ಸಾಯಬೇಕು. ಎಂಬತ್ತು ವರ್ಷ ಬದುಕಿದ ಜೀವಿಗಳೆಲ್ಲ ಒಟ್ಟಿಗೆ ಸತ್ತವೆಂದರೆ ಕೆಟ್ಟದ್ದು ಅವುಗಳ ಆಯುಸ್ಸಲ್ಲ, ಅವುಗಳ ನೀರು. ಅನಿಮೋನ್‌ಗಳ ಮೈಯಲ್ಲಿ ಹಳೆಯ ಕಣಗಳ ಜಾಗಕ್ಕೆ ಹೊಸವು ಸದಾ ಹುಟ್ಟುತ್ತಿರುತ್ತವೆ. ನಮಗಿರುವಂತೆ ಇಷ್ಟೇ ಎಂಬ ಗಡುವು ಅವಕ್ಕೆ ಇದ್ದಂತಿಲ್ಲ. ಮನೆಯ ಗಾಜಿನೊಳಗೆ ಅವುಗಳ ಆಯುಸ್ಸು ನೋಡಿಕೊಳ್ಳುವವರು ಇರುವವರೆಗೆ.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಯಾಕೆಂದು ಈಗ ಹೇಳಬೇಕು.

ಅಣ್ಣ, ಅತ್ತಿಗೆ ಕೆಲಸದ ಮೇಲೆ ಆರು ವಾರ ಹೊರದೇಶಕ್ಕೆ ಹೋದಾಗ ನಾನು ಹಾಸ್ಟೆಲ್ ಬಿಟ್ಟು ಅವರ ಮನೆಯಲ್ಲಿದ್ದೆ. ಅಧ್ಯಾಯ ಬರೆಯಲು ಶಾಂತ ಜಾಗ, ಬದಲಿಗೆ ತೊಟ್ಟಿಯ ಉಸ್ತುವಾರಿ. ಅಣ್ಣ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಟ್ಟಿದ್ದ. ವಾರಕ್ಕೊಮ್ಮೆ ಸಿಗಡಿಯ ಚೂರು. ಶಾಖ ನೋಡುವುದು. ದಿನಾ ಆವಿಯಾದಷ್ಟು ನೀರು ಸೇರಿಸುವುದು, ಅದೂ ಸಿಹಿನೀರು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ಈ ನೀರು ಸೇರಿಸುವ ಕೆಲಸವನ್ನು ಮನೆಗೆಲಸಕ್ಕೆ ಬರುವ ಅಕ್ಕ ಎರಡು ವರ್ಷದಿಂದ ಮಾಡುತ್ತಿದ್ದರು. ಗುರುತಿನ ಗೆರೆವರೆಗೆ, ಒಂದು ಲೋಟ ಹೆಚ್ಚಿಲ್ಲ, ಕಮ್ಮಿಯಿಲ್ಲ. ನಾನು ಪ್ರತಿ ಸಂಜೆ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆಯುತ್ತಿದ್ದೆ: ‘ನೀರು ಹಾಕಲಾಯಿತು.’

ಮೂರನೆಯ ವಾರ ಒಂದು ಮಧ್ಯಾಹ್ನ ಬಹಳ ಹೊತ್ತು ಕರೆಂಟು ಹೋಯಿತು. ಬಂದ ಮೇಲೆ ಪಂಪುಗಳು ಓಡಿದವು, ನಾನು ನಿಶ್ಚಿಂತಳಾದೆ. ದೀಪದ ಟೈಮರ್ ಕೆಟ್ಟು ಹಗಲು ರಾತ್ರಿ ಅದಲುಬದಲಾದದ್ದು ನನಗೆ ಗೊತ್ತಾಗಲಿಲ್ಲ. ನಾನು ಹಗಲಿಡೀ ಒಳಕೋಣೆಯಲ್ಲಿ ಬರೆಯುತ್ತಿದ್ದೆ, ತೊಟ್ಟಿ ಹಾಲ್‌ನಲ್ಲಿತ್ತು. ಅದೇ ವಾರ ಅಲೆ ಎಬ್ಬಿಸುವ ಪಂಪಿನ ಬಾಯಿಗೆ ಹಾಕಿದ್ದ ಸ್ಪಂಜು ತೊಳೆಯಲೆಂದು ತೆಗೆದವಳು ಮತ್ತೆ ಹಾಕುವುದನ್ನು ಮರೆತಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕ ಬಂದು ಬಾಗಿಲಲ್ಲಿ ನಿಂತರು. “ಮೇಡಂ, ಹೂವು ಜಾಗ ಬಿಟ್ಟೈತೆ. ಮೇಲಕ್ಕೆ ಹತ್ತೈತೆ, ಒಂದ್ಸಲ ನೋಡಿ.”

ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, “ಅದು ಹಾಗೇ ಅಕ್ಕ, ಓಡಾಡುತ್ತೆ” ಎಂದೆ. ನಾನು ಓದಿದ್ದೆ. ಪಾದ ಸಡಿಲಿಸಿ ಅನಿಮೋನ್ ನಿಧಾನಕ್ಕೆ ಜರುಗುತ್ತದೆ ಎಂಬುದು ನಿಜ. ಯಾವಾಗ ಜರುಗುತ್ತದೆ ಎಂಬುದನ್ನು ಮಾತ್ರ ನಾನು ಯೋಚಿಸಲಿಲ್ಲ. ಬೆಳಕೋ ನೀರಿನ ಓಟವೋ ಸರಿಯಿಲ್ಲದಾಗ ಅದು ನೆಲೆ ಬಿಡುತ್ತದೆ. ಎರಡು ವರ್ಷ ಒಂದೇ ಕಲ್ಲಿನ ಬಿರುಕಿನಲ್ಲಿದ್ದದ್ದು ಈಗ ಹೊರಟಿದೆ ಎಂದರೆ ಏನೋ ಕೆಟ್ಟಿದೆ ಎಂದು ಅಕ್ಕನಿಗೆ ಅನ್ನಿಸಿತ್ತು. ಅವರು ದಿನಾ ನೋಡುತ್ತಿದ್ದರು. ನಾನು ಓದಿದ್ದೆ ಅಷ್ಟೇ.

ಮರುದಿನ ಬೆಳಿಗ್ಗೆ ನೀರು ಹಾಲಿನಂತೆ ಕದಡಿತ್ತು. ರಾತ್ರಿ ಅದು ಪಂಪಿನ ಬಾಯಿಯವರೆಗೆ ಹೋಗಿ ಸಿಕ್ಕಿಕೊಂಡಿತ್ತು. ಕ್ಲೌನ್ ಮೀನುಗಳೆರಡೂ ಮೂಲೆಯಲ್ಲಿ ಉಸಿರಿಗಾಗಿ ಬಾಯಿ ಬಿಡುತ್ತಿದ್ದವು. ಅಕ್ಕ ಬೇರೆ ಮನೆಗಳಿಗೆ ಫೋನ್ ಮಾಡಿ ಬರುವುದಿಲ್ಲವೆಂದು ಹೇಳಿ ಸೀರೆ ಎತ್ತಿಕಟ್ಟಿದರು. ನಾನು ಉಪ್ಪು ಅಳೆದೆ, ಅವರು ಬಕೆಟ್ ಹೊತ್ತರು. ಸಂಜೆಯವರೆಗೆ ನೀರು ಬದಲಾಯಿಸಿ ಮೀನುಗಳನ್ನು ಉಳಿಸಿಕೊಂಡೆವು. ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಳಬೇಡ. ಸ್ಪಂಜಿನ ವಿಷಯ ನಾನೇ ದೊಡ್ಡದಾಗಿ ಬರೆದಿಡಬೇಕಿತ್ತು” ಎಂದ. ಬೈದಿದ್ದರೆ ಚೆನ್ನಾಗಿತ್ತು.

ಅಂದಿನ ಸಂಜೆಯ ಪುಟವನ್ನು ನಾನು ಹೀಗೆ ಬರೆದಿದ್ದೆ: ‘ಅನಿಮೋನ್ ಸತ್ತಿತು. ನೀರು ಬದಲಾಯಿಸಲಾಯಿತು.’ ಯಾರು ಎಚ್ಚರಿಸಿದ್ದರು, ಯಾರು ಕೇಳಲಿಲ್ಲ, ಯಾರು ಬಕೆಟ್ ಹೊತ್ತರು, ಯಾವುದೂ ಆ ಎರಡು ವಾಕ್ಯಗಳಲ್ಲಿಲ್ಲ. ದಿನವಿಡೀ ದಾಖಲೆಗಳಲ್ಲಿ ಕಾಣೆಯಾದವರನ್ನು ಹುಡುಕುವುದೇ ನನ್ನ ಕಸುಬು. ಆನಂಡೇಲ್ ಅವರ ವರದಿಗಳಲ್ಲಿ ಚಿಲಿಕಾ ಸರೋವರದ ತಳದಿಂದ ಜೀವಿಗಳನ್ನು ಎತ್ತಿಕೊಟ್ಟ ಕೈಗಳು ಎಲ್ಲಿ ಎಂದು ಕೇಳುತ್ತ ಕೂತವಳು ನಾನು. ಡೇಲ್ ಅವರ ಜಾಡಿಗೆ ವರ್ಷಗಟ್ಟಲೆ ಸಮುದ್ರದ ನೀರು ಹೊತ್ತು ತಂದವನ ಹೆಸರು ಅಜ್ಜಿಯ ಐದು ಯಜಮಾನರ ಪಟ್ಟಿಯಲ್ಲಿಲ್ಲ. ಥಿನ್ ಮನೆಯ ಹುಡುಗಿಗೂ ಹೆಸರಿಲ್ಲ. ಅವರನ್ನೆಲ್ಲ ಕಾಣೆ ಮಾಡಿದ ಅದೇ ಕರ್ಮಣಿ ಪ್ರಯೋಗ ನನ್ನ ಕೈಬರಹದಲ್ಲೂ ಇತ್ತು.

ಕತೆ ಅಲ್ಲಿಗೆ ಪೂರ್ತಿ ಮುಗಿದಿಲ್ಲ. ಸಾಯುವ ವರ್ಷಕ್ಕೆ ಮುಂಚೆ ಆ ಅನಿಮೋನ್ ತನ್ನನ್ನು ತಾನೇ ಎರಡಾಗಿ ಸೀಳಿಕೊಂಡಿತ್ತು. ಅವು ಹೆಚ್ಚುವ ಒಂದು ರೀತಿ ಅದು. ಇನ್ನೊಂದು ಅರ್ಧವನ್ನು ಅಣ್ಣ ಮೈಸೂರಿನ ಗೆಳೆಯನಿಗೆ ಕೊಟ್ಟಿದ್ದ. ಮೂಲ ಯಾವುದು, ಮರಿ ಯಾವುದು ಎಂದು ಹೇಳುವಂತಿಲ್ಲ, ಎರಡೂ ಅದೇ ಜೀವ. ಕಳೆದ ತಿಂಗಳು ಮೈಸೂರಿನದು ಮತ್ತೆ ಇಬ್ಭಾಗವಾಯಿತು. ಒಂದು ಪಾಲು ನೀರು ತುಂಬಿದ ಚೀಲದಲ್ಲಿ, ಥರ್ಮೊಕೋಲ್ ಪೆಟ್ಟಿಗೆಯೊಳಗೆ ಕೂತು ಅಣ್ಣನ ಮನೆಗೆ ವಾಪಸು ಬಂತು.

ಅಂದು ನಾನೂ ಅಲ್ಲಿದ್ದೆ. ಹೊಸ ನೋಟ್‌ಬುಕ್ ತಂದಿದ್ದೆ. ತಾರೀಕು, ಕೆಲಸ, ಮಾಡಿದವರು ಎಂದು ಮೂರು ಸಾಲು ಗೆರೆ ಎಳೆದು, ಹಳೆಯ ಪುಸ್ತಕದ ಪುಟಗಳನ್ನೂ ನೆನಪಿದ್ದಷ್ಟು ತಿದ್ದಿದೆ. ಹೀಗೊಂದು ಲೇಖನ ಬರೆಯುತ್ತಿದ್ದೇನೆ, ನಿಮ್ಮ ಹೆಸರು ಹಾಕಲೇ ಎಂದು ಅಕ್ಕನನ್ನು ಕೇಳಿದೆ. ಅವರು ಅಳತೆಯ ಲೋಟ ಒರೆಸುತ್ತಿದ್ದವರು ನಕ್ಕರು. “ಪೇಪರ್‌ನಲ್ಲೆಲ್ಲ ಬ್ಯಾಡ ಮೇಡಂ. ಆ ಬುಕ್ಕಲ್ಲಿ ಬರೀರಿ ಸಾಕು.”

ಬರೆದಿದ್ದೇನೆ.